ಮದ್ದಿಗಿಂತ ಮೊದಲು ಗೆಡ್ಡೆ ನೋಡಿ: ಹೂವಿನ ಗೆಡ್ಡೆಗಳ ದೋಷ ನಿವಾರಣೆ ಕೈಪಿಡಿ

"ಲಿಲ್ಲಿಗೆ ಯಾವ ಮದ್ದು ಬಿಡುವುದು ಅಕ್ಕ?" ಆಟಿ ತಿಂಗಳು (ಜುಲೈ-ಆಗಸ್ಟ್‌ನ ಮಳೆಯ ಕಾಲ) ಬಂತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ಫೋನುಗಳಲ್ಲಿ ಇದೇ ಪ್ರಶ್ನೆ. ನಾನು ತಿರುಗಿ ಕೇಳುವುದೂ ಒಂದೇ: ಗೆಡ್ಡೆ ಅಗೆದು ನೋಡಿದಿರಾ? ಹೆಚ್ಚಿನವರು ನೋಡಿರುವುದಿಲ್ಲ. ಎಲೆ ಹಳದಿಯಾದದ್ದು, ಹೂ ಬಾರದ್ದು, ಗಿಡ ಒಂದು ಬದಿಗೆ ವಾಲಿದ್ದು ಕಣ್ಣಿಗೆ ಕಾಣುತ್ತದೆ. ಕಾರಣ ಮಾತ್ರ ಮಣ್ಣಿನ ಅಡಿಯಲ್ಲಿ ಇರುತ್ತದೆ. ಅದನ್ನು ನೋಡದೆ ಎಲೆಗೆ ಏನು ಬಿಟ್ಟರೂ ದುಡ್ಡು ದಂಡ.

ಇಲ್ಲಿ ಬರೆದದ್ದು ನಮ್ಮ ಕಾಸರಗೋಡು ಜಿಲ್ಲೆಯ ಅಂಗಳಗಳಲ್ಲಿ ಸಾಮಾನ್ಯವಾಗಿ ಕಾಣುವ ಗಿಡಗಳ ಬಗ್ಗೆ. ದೊಡ್ಡ ಹೂವಿನ ಲಿಲ್ಲಿ (ಅಮರಿಲ್ಲಿಸ್ ಅಂತಲೂ ಹೇಳುತ್ತಾರೆ), ಮಳೆ ಲಿಲ್ಲಿ, ಬಿಳಿ ಸ್ಪೈಡರ್ ಲಿಲ್ಲಿ, ಮೇ ಫ್ಲವರ್ (ಮರ ಅಲ್ಲ, ಚೆಂಡಿನಂಥ ಕೆಂಪು ಹೂವಿನ ಗೆಡ್ಡೆ ಗಿಡ), ಸುಗಂಧರಾಜ, ಡೇರೆ, ಕಾಬಾಳೆ (ಕ್ಯಾನಾ), ಗ್ಲಾಡಿಯೋಲಸ್. ಬೇರೆ ಊರಿನ ಪುಸ್ತಕದಲ್ಲಿ ಓದಿದ ಸಲಹೆ ಇಲ್ಲಿ ಎಷ್ಟೋ ಸಲ ತಿರುಗುಬಾಣವಾಗುತ್ತದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಜಾಗ ಇದು. ಗೆಡ್ಡೆಗೆ ಈ ಮಳೆಯೇ ಮೊದಲ ಪರೀಕ್ಷೆ. ಹುಳ, ಹುಪ್ಪಟೆ ಎಲ್ಲ ಆಮೇಲೆ.

ಮೊದಲು ಅಗೆದು ನೋಡುವ ಕ್ರಮ

ಮಳೆ ಸ್ವಲ್ಪ ಬಿಟ್ಟಾಗ ಅಗೆಯಿರಿ. ಹಾರೆ ಬೇಡ, ಗೆಡ್ಡೆಗೆ ಗಾಯವಾದರೆ ಇಲ್ಲದ ರೋಗ ಬರುತ್ತದೆ. ಗಿಡದಿಂದ ಒಂದು ಗೇಣು ಆಚೆಯಿಂದ ಸಣ್ಣ ಕೋಲಿನಲ್ಲಿ ಮಣ್ಣು ಸಡಿಲಿಸಿ, ಕೈ ಹಾಕಿ ಎತ್ತಿ. ಅಂಟಿದ ಮಣ್ಣನ್ನು ಕೊಡವಿ. ಕೂಡಲೇ ತೊಳೆಯಬೇಡಿ, ವಾಸನೆ ಮತ್ತು ಹುಳ ಎರಡೂ ತೊಳೆದು ಹೋಗುತ್ತವೆ.

ಈಗ ಹೆಬ್ಬೆರಳಿನಲ್ಲಿ ಒತ್ತಿ. ಚೆನ್ನಾಗಿರುವ ಲಿಲ್ಲಿ ಗೆಡ್ಡೆ ಒಳ್ಳೆ ನೀರುಳ್ಳಿಯ ಹಾಗೆ ಗಟ್ಟಿಯಾಗಿರುತ್ತದೆ. ಕುತ್ತಿಗೆ, ಹೊಟ್ಟೆ, ಬುಡ ಮೂರೂ ಕಡೆ ಒತ್ತಿ ನೋಡಬೇಕು. ಬುಡ ಕೊಳೆತು ಹೊಟ್ಟೆ ಗಟ್ಟಿ ಇರುವುದೂ ಉಂಟು. ಆಮೇಲೆ ಮೂಗಿನ ಹತ್ತಿರ ಹಿಡಿದು ಮೂಸಿ. ಮಣ್ಣಿನ ವಾಸನೆ ಮಾತ್ರ ಬಂದರೆ ಸರಿ, ಕೊಳೆತ ನಾತ ಬಂದರೆ ಬೇರೆ ಕಥೆ. ಕೊನೆಗೆ ಬೇರು ನೋಡಿ. ಬಿಳಿ, ದಪ್ಪ, ಎಳೆದರೆ ತಡೆಯುವ ಬೇರು ಇದ್ದರೆ ಗೆಡ್ಡೆಗೆ ಆರೋಗ್ಯ ಇದೆ, ತೊಂದರೆ ಮೇಲಿನದು. ಬೇರು ಕಂದಾಗಿ, ಎಳೆದರೆ ಸಿಪ್ಪೆ ಕೈಗೆ ಬಂದು ನೂಲಿನಂಥ ನಾರು ಮಾತ್ರ ಉಳಿದರೆ ಅದು ನೀರು ನಿಂತು ಸತ್ತ ಬೇರು. ಗೆಡ್ಡೆ ಗಟ್ಟಿ ಇದೆ, ಬೇರೇ ಇಲ್ಲ, ಬುಡದಲ್ಲಿ ಕಚ್ಚಿದ ಗುರುತು ಇದೆ ಎಂದಾದರೆ ಬೇರುಹುಳವನ್ನು ಹುಡುಕಿ.

ಇಷ್ಟು ನೋಡಲು ಐದು ನಿಮಿಷ ಸಾಕು. ಕೆಳಗಿನ ಎಲ್ಲವೂ ಈ ಐದು ನಿಮಿಷದ ಮೇಲೆ ನಿಂತಿದೆ.

ಗೆಡ್ಡೆ ಮೆತ್ತಗಾಗಿದೆ, ಎಲೆ ಒಟ್ಟಿಗೇ ಹಳದಿಯಾಗಿದೆ

ನಮ್ಮಲ್ಲಿ ಇದೇ ಜಾಸ್ತಿ. ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೊರಗಿನ ಹಳೆಯ ಎಲೆ ಒಂದೊಂದಾಗಿ ಹಳದಿಯಾಗಿ ಬೀಳುವುದು ರೋಗ ಅಲ್ಲ, ಅದು ಗಿಡದ ಕ್ರಮ. ಮೇ ಫ್ಲವರ್ ಅಂತೂ ಚಳಿಗಾಲಕ್ಕೆ ಎಲ್ಲ ಎಲೆ ಬಿಟ್ಟು ಮಲಗಿಬಿಡುತ್ತದೆ. ಗಿಡ ಸತ್ತಿತು ಅಂತ ದಿನಾ ನೀರು ಹೊಯ್ದರೆ ಆಗ ಮಾತ್ರ ನಿಜವಾಗಿ ಸಾಯುತ್ತದೆ. ಹೆದರಬೇಕಾದದ್ದು ಜೂನ್, ಜುಲೈಯಲ್ಲಿ ಒಳಗಿನ ಎಳೆ ಎಲೆಯೂ ಸೇರಿ ಎಲ್ಲ ಒಟ್ಟಿಗೆ ಬಾಡಿದರೆ.

ಗೆಡ್ಡೆ ಮೆತ್ತಗೆ, ಲೋಳೆ ಲೋಳೆ, ಕೆಟ್ಟ ನಾತ: ಇದು ಬ್ಯಾಕ್ಟೀರಿಯಾದ ಕೊಳೆತ. ಇದನ್ನು ಉಳಿಸಲು ಹೋಗಬೇಡಿ. ಗೆಡ್ಡೆಯನ್ನೂ ಸುತ್ತಲಿನ ಒಂದು ಬುಟ್ಟಿ ಮಣ್ಣನ್ನೂ ತೆಗೆದು ತೋಟದಿಂದ ದೂರ ಹೂಳಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಅಗೆದ ಸಲಕರಣೆಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡಿ. ಈ ಕಾಯಿಲೆ ನೀರಿನ ಜೊತೆ ಹರಿಯುತ್ತದೆ, ಕತ್ತಿಯ ಬಾಯಲ್ಲೂ ಹೋಗುತ್ತದೆ.

ಬುಡ ಮಾತ್ರ ಕಂದು, ಒಣಗಿದ ಹಾಗೆ ಕೊಳೆತಿದೆ, ನಾತ ಇಲ್ಲ, ಬೂಷ್ಟು ಇರಬಹುದು: ಇದು ಶಿಲೀಂಧ್ರದ ಬುಡಕೊಳೆ. ಇದರಲ್ಲಿ ಆಸೆ ಉಂಟು. ಹರಿತವಾದ ಚೂರಿಯಲ್ಲಿ ಕಂದು ಭಾಗವನ್ನು ಸ್ವಲ್ಪ ಸ್ವಲ್ಪವೇ ಹೆರೆಯುತ್ತಾ ಹೋಗಿ. ಪ್ರತಿ ಸಲ ಚೂರಿ ಒರೆಸಿ. ಬೆಳ್ಳಗಿನ ಶುದ್ಧ ಭಾಗ ಬಂದಾಗ ನಿಲ್ಲಿಸಿ. ಬೇರು ಹೊರಡುವ ಬುಡದ ತಟ್ಟೆ ಸ್ವಲ್ಪವಾದರೂ ಉಳಿದಿದ್ದರೆ ಗೆಡ್ಡೆ ಬದುಕೀತು. ಅದು ಪೂರ್ತಿ ಹೋಗಿದ್ದರೆ ಬಿಟ್ಟುಬಿಡಿ. ಕೊಯ್ದ ಜಾಗಕ್ಕೆ ಇದ್ದಿಲ ಪುಡಿ ಸವರಿ, ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ. ಅದೇ ಮಣ್ಣಿಗೆ ಮತ್ತೆ ನೆಡಬೇಡಿ. ಈ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಎರಡಕ್ಕೂ ಮೂಲ ನೀರು. ನಮ್ಮ ಗುಡ್ಡದ ಮನೆಗಳಲ್ಲಿ ಮೇಲೆ ಒಂದು ಅಡಿ ಕೆಂಪು ಮಣ್ಣು, ಕೆಳಗೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ಮೇಲಿನ ಮಣ್ಣು ಸಡಿಲ ಇದೆ, ನೀರು ಇಂಗುತ್ತದೆ ಅಂತ ಅನಿಸುತ್ತದೆ. ಆದರೆ ಮುರಕಲ್ಲನ್ನು ಕೊರೆದು ಮಾಡಿದ ಗುಂಡಿಗೆ ಮಣ್ಣು ತುಂಬಿ ಗೆಡ್ಡೆ ನೆಟ್ಟರೆ ಸುತ್ತಲಿನ ನೀರೆಲ್ಲ ಆ ಗುಂಡಿಗೇ ಬಂದು ನಿಲ್ಲುತ್ತದೆ. ಪರೀಕ್ಷೆ ಸುಲಭ. ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಪೂರ್ತಿ ಇಳಿಯಲು ಬಿಡಿ. ಮತ್ತೆ ತುಂಬಿ. ಎರಡನೇ ಸಲದ ನೀರು ನಾಲ್ಕು ಗಂಟೆ ಕಳೆದರೂ ನಿಂತಿದ್ದರೆ ಅಲ್ಲಿ ಗೆಡ್ಡೆ ನೆಲದಲ್ಲಿ ಆಗುವುದಿಲ್ಲ, ಏರಿ ಮಾಡಲೇಬೇಕು.

ಏರಿ ಅಂದರೆ ನೆಲದಿಂದ ಒಂದು ಅಡಿಯಾದರೂ ಎತ್ತರ. ಕಲ್ಲಿನ ತುಂಡುಗಳನ್ನು ಸುತ್ತ ಇಟ್ಟು, ಕೆಂಪು ಮಣ್ಣು, ಹೊಳೆಯ ಮರಳು, ಸುಡುಮಣ್ಣು ಸಮಸಮ ಬೆರೆಸಿ ತುಂಬಿ. ಸುಡುಮಣ್ಣು ನಮ್ಮ ಹಿರಿಯರು ತರಕಾರಿಗೆ ಮಾಡುತ್ತಿದ್ದದ್ದೇ. ತರಗೆಲೆಯ ಮೇಲೆ ಮಣ್ಣು ಮುಚ್ಚಿ ಸುಟ್ಟಾಗ ಮಣ್ಣಿನ ಹುಳ, ಹುಳದ ಮೊಟ್ಟೆ, ಕಳೆಯ ಬೀಜ ಎಷ್ಟೋ ಸಾಯುತ್ತವೆ, ಮಣ್ಣೂ ಹುಡಿಯಾಗುತ್ತದೆ. ಗೆಡ್ಡೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಟ್ಟಿ ಗೊಬ್ಬರ ಹಾಕುವುದಾದರೆ ಚೆನ್ನಾಗಿ ಕಳಿತದ್ದು, ಅದೂ ಗೆಡ್ಡೆಗೆ ತಾಗದ ಹಾಗೆ ಕೆಳಗೆ.

ಚಟ್ಟಿಯಲ್ಲಿ (ಹೂಕುಂಡದಲ್ಲಿ) ನೆಟ್ಟವರು ಮೂರು ವಿಷಯ ನೋಡಿ. ಚಟ್ಟಿಯ ಅಡಿಯ ತೂತು ಮುಚ್ಚಿದೆಯಾ? ಅಡಿಗೆ ತಟ್ಟೆ ಇಟ್ಟಿದ್ದೀರಾ? ಮಾಡಿನ (ಛಾವಣಿಯ) ನೀರು ನೇರ ಬೀಳುವ ಸಾಲಿನಲ್ಲಿ ಇಟ್ಟಿದ್ದೀರಾ? ಅಂಗಳದ ಅಂಚಿಗೆ ಚಂದ ಕಾಣುತ್ತದೆ ಅಂತ ಚಟ್ಟಿಗಳನ್ನು ಮಾಡಿನಂಚಿಗೆ ಸಾಲಾಗಿ ಇಡುತ್ತೇವೆ, ಅಲ್ವಾ? ಮಳೆಗಾಲಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಪತ್ತನಾಜೆಯ ಹೊತ್ತಿಗೆ (ಮೇ ಕೊನೆಗೆ, ಮಳೆಗಾಲಕ್ಕೆ ಮೊದಲು) ಅವನ್ನು ಒಂದು ಮಾರು ಒಳಗೆ ಸರಿಸಿ, ಎರಡು ಕಲ್ಲಿನ ಮೇಲೆ ಎತ್ತಿಡಿ.

ಆಳವೂ ಮುಖ್ಯ. ದೊಡ್ಡ ಹೂವಿನ ಲಿಲ್ಲಿಯ ಕುತ್ತಿಗೆ ಮತ್ತು ಹೆಗಲು ಮಣ್ಣಿನ ಮೇಲೆ ಕಾಣಬೇಕು. ಪೂರ್ತಿ ಹೂತರೆ ಕುತ್ತಿಗೆಯ ಸಂದಿನಲ್ಲಿ ನೀರು ನಿಂತು ಅಲ್ಲಿಂದಲೇ ಕೊಳೆ ಶುರು.

ಎಲೆ ತೂತಾಗಿದೆ, ಕತ್ತರಿಸಿದೆ

ಹೆಚ್ಚಾಗಿ ತಿಂದವರು ಇಬ್ಬರಲ್ಲಿ ಒಬ್ಬರು: ಆಫ್ರಿಕನ್ ಬಸವನಹುಳು, ಇಲ್ಲವೇ ಲಿಲ್ಲಿಯ ಕಂಬಳಿಹುಳದಂಥ ಮರಿ. ಪರಿಹಾರ ಎರಡಕ್ಕೂ ಬೇರೆ ಬೇರೆ. ಹಾಗಾಗಿ ಗುರುತು ಹಿಡಿಯುವುದು ಮೊದಲು.

ಬೆಳಿಗ್ಗೆ ಬೇಗ ಹೋಗಿ ಎಲೆಯನ್ನು ಓರೆಯಾಗಿ ನೋಡಿ. ಬೆಳ್ಳಿಯ ಬಣ್ಣದ ಒಣಗಿದ ಲೋಳೆ ಗೆರೆ ಇದ್ದರೆ ಬಸವನಹುಳು. ಲೋಳೆ ಇಲ್ಲ, ಎಲೆಯ ಬುಡದ ಕಂಕುಳಲ್ಲಿ ಕಪ್ಪು ಹಿಕ್ಕೆಯ ಕಾಳು ಬಿದ್ದಿದೆ ಎಂದಾದರೆ ಹುಳ. ಎರಡೂ ಇಲ್ಲ, ಎಲೆಯ ಅಂಚು ಮಾತ್ರ ಹೋಗಿದೆ ಎಂದರೆ ಮಿಡತೆ ಇರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಲಿಲ್ಲಿ ಹುಳದ ಪರಿಚಯ ಎಲ್ಲರಿಗೂ ಇರಬೇಕು. ಒಂದೇ ವಾರದಲ್ಲಿ ಇಡೀ ಸಾಲಿನ ಲಿಲ್ಲಿಯನ್ನು ಬುಡದ ತನಕ ಮುಗಿಸುವುದು ಇದೇ. ಪತಂಗವು ಎಲೆಯ ಅಡಿಗೆ ಗುಂಪಾಗಿ ಮೊಟ್ಟೆ ಇಡುತ್ತದೆ. ಮರಿಗಳಲ್ಲಿ ಒಂದು ಜಾತಿ ಎಲೆಯ ಮೇಲಿನ ಮತ್ತು ಕೆಳಗಿನ ಸಿಪ್ಪೆಯ ನಡುವೆ ನುಗ್ಗಿ ಒಳಗಿನ ಹಸಿರನ್ನು ಮಾತ್ರ ತಿನ್ನುತ್ತದೆ. ಎಲೆಯ ಮೇಲೆ ಒಂದು ಬಿಳುಚಿದ, ತೆಳುವಾದ ಪಟ್ಟೆ ಕಂಡರೆ ಆ ಎಲೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಸಿಪ್ಪೆಯ ಒಳಗೆ ಸಾಲಾಗಿ ಸಣ್ಣ ಕಪ್ಪು ಮರಿಗಳು ಮಿಸುಕಾಡುವುದು ಕಾಣುತ್ತದೆ. ಹಿಕ್ಕೆಯೂ ಅಲ್ಲೇ ಒಳಗೆ ತುಂಬಿರುತ್ತದೆ. ಈ ಹಂತದಲ್ಲಿ ಸಿಕ್ಕಿದರೆ ಕೆಲಸ ಸುಲಭ. ಆ ಎಲೆಯನ್ನು ಕೊಯ್ದು ಸಾಬೂನು ನೀರಿಗೆ ಹಾಕಿದರೆ ಮುಗಿಯಿತು.

ಬಿಟ್ಟರೆ ಅವು ಹೊರಗೆ ಬರುತ್ತವೆ. ಕಪ್ಪು ಮೈ, ಅದರ ಮೇಲೆ ಬಿಳಿಯ ಅಥವಾ ಹಳದಿಯ ಪಟ್ಟೆ ಚುಕ್ಕಿ, ಕೆಲವಕ್ಕೆ ಕೆಂಪು ಚುಕ್ಕಿಯೂ ಉಂಟು. ನೋಡಲು ಎದ್ದು ಕಾಣುವ ಹುಳ. ಎಲೆ ಮುಗಿದ ಮೇಲೆ ಕುತ್ತಿಗೆಯ ಮೂಲಕ ಗೆಡ್ಡೆಯ ಒಳಗೆ ಕೊರೆಯುತ್ತದೆ. ಅಲ್ಲಿ ಮಳೆ ನೀರು ಸೇರಿ ಕೊಳೆಯುತ್ತದೆ. ಆಮೇಲೆ ಅಗೆದವರಿಗೆ ಕಾಣುವುದು ಕೊಳೆತ ಗೆಡ್ಡೆ ಮಾತ್ರ. ಅವರು ಕೊಳೆಗೆ ಮದ್ದು ಹುಡುಕುತ್ತಾರೆ. ಹಾಗಾಗಿ ಕೊಳೆತ ಗೆಡ್ಡೆ ಸಿಕ್ಕಿದರೆ ಅದನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಸುರಂಗ, ಹಿಕ್ಕೆ ಇದ್ದರೆ ಶುರು ಮಾಡಿದ್ದು ಹುಳ.

ಪರಿಹಾರ ಕೈಯಿಂದ ಹೆಕ್ಕುವುದೇ. ಮನೆಯಂಗಳದ ಇಪ್ಪತ್ತು ಮೂವತ್ತು ಗಿಡಕ್ಕೆ ಬೇರೆ ಏನೂ ಬೇಡ. ಹೊಸ ಎಲೆ ಬರುವ ಕಾಲದಲ್ಲಿ ಎರಡು ದಿನಕ್ಕೊಮ್ಮೆ ಎಲೆ ಮಗುಚಿ ನೋಡುವುದು ಅಭ್ಯಾಸವಾಗಬೇಕು. ಗಿಡ ತುಂಬಾ ಇದ್ದರೆ ಬಿಟಿ ಪುಡಿ (ಬ್ಯಾಸಿಲಸ್ ತುರಿಂಜಿಯೆನ್ಸಿಸ್) ನೀರಿಗೆ ಬೆರೆಸಿ ಸಂಜೆ ಸಿಂಪಡಿಸಬಹುದು. ಮನುಷ್ಯರಿಗೆ, ಹಕ್ಕಿಗೆ ಅದರಿಂದ ತೊಂದರೆ ಇಲ್ಲ. ಆದರೆ ಅದು ಎಲೆಯ ಮೇಲಿದ್ದು, ಹುಳ ಆ ಎಲೆ ತಿಂದರೆ ಮಾತ್ರ ಕೆಲಸ ಮಾಡುತ್ತದೆ. ಮರಿ ಸಣ್ಣದಿರುವಾಗ ಚೆನ್ನಾಗಿ ಹಿಡಿಯುತ್ತದೆ. ಜೋರು ಮಳೆಯ ದಿನ ಬಿಟ್ಟರೆ ತೊಳೆದು ಹೋಯಿತು. ಪೂರ್ತಿ ತಿಂದುಹೋದ ಗಿಡದ ಗೆಡ್ಡೆ ಗಟ್ಟಿ ಇದ್ದರೆ ಬಿಸಾಡಬೇಡಿ, ಮತ್ತೆ ಚಿಗುರುತ್ತದೆ. ಹುಳ ಕೋಶ ಕಟ್ಟುವುದು ಮಣ್ಣಿನಲ್ಲಿ. ಬುಡದ ಮಣ್ಣನ್ನು ಎರಡು ಇಂಚು ಕೆದಕಿ ಕಂದು ಬಣ್ಣದ ಕೋಶ ಸಿಕ್ಕಿದರೆ ತೆಗೆಯಿರಿ.

ಇನ್ನು ಬಸವನಹುಳು. ಅಡಿಕೆ ತೋಟದ ತೇವದಲ್ಲಿ ಬೆಳೆದು ರಾತ್ರಿ ಅಂಗಳಕ್ಕೆ ಬರುತ್ತದೆ. ಚಿಪ್ಪಿಗೆ ಸುಣ್ಣ ಬೇಕಾದ್ದರಿಂದ ಸುಣ್ಣ ಬಳಿದ ಗೋಡೆಯನ್ನು ಕೆರೆದು ತಿನ್ನುವುದನ್ನು ನೀವೂ ನೋಡಿರಬಹುದು. ಮೊಟ್ಟೆ ಮಣ್ಣಿನಲ್ಲಿ ಒಂದೊಂದು ಕಡೆ ನೂರಕ್ಕೂ ಜಾಸ್ತಿ ಇರುತ್ತದೆ. ಬಟಾಣಿಗಿಂತ ಸಣ್ಣದು, ಬಿಳಿ ಹಳದಿ ಬಣ್ಣ. ಹೂವಿನ ಏರಿ ಕೆದಕುವಾಗ ಅಂಥದು ಸಿಕ್ಕಿದರೆ ಒಂದನ್ನೂ ಬಿಡದೆ ತೆಗೆದು ಬಿಸಿನೀರಿಗೆ ಹಾಕಿ.

ಹಿಡಿಯಲು ಗೋಣಿಚೀಲ ಒದ್ದೆ ಮಾಡಿ, ಪಪ್ಪಾಯಿ ಎಲೆ ಅಡಿಗಿಟ್ಟು, ಸಂಜೆ ಏರಿಯ ಪಕ್ಕ ಹಾಸಿ. ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಗುಂಪುಗುಂಪಾಗಿ ಇರುತ್ತವೆ. ದಪ್ಪ ಉಪ್ಪು ನೀರಿನ ಬಕೆಟಿಗೆ ಹಾಕಿ ಸಾಯಿಸಿ, ಆಮೇಲೆ ಸುಣ್ಣ ಹಾಕಿ ಆಳಕ್ಕೆ ಹೂಳಿ. ಬರಿಗೈಯಲ್ಲಿ ಮುಟ್ಟಲೇಬಾರದು. ಇಲಿಯ ಶ್ವಾಸಕೋಶದ ಒಂದು ಹುಳ ಇದರ ಮೈಯಲ್ಲಿ ಬೆಳೆಯುತ್ತದೆ, ಅದು ಮನುಷ್ಯರಿಗೆ ಮಿದುಳು ಪೊರೆಯ ಉರಿಯೂತ ತರಬಲ್ಲದು. ಮಕ್ಕಳು ಚಿಪ್ಪು ಹಿಡಿದು ಆಡುತ್ತಾರೆ, ಅವರಿಗೆ ಸರಿಯಾಗಿ ಹೇಳಿ. ಉಪ್ಪನ್ನು ಸೀದಾ ಗಿಡದ ಬುಡಕ್ಕೆ ಎರಚಬೇಡಿ, ಮಣ್ಣು ಹಾಳು. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ಬಸವನಹುಳುವನ್ನು ಕೊಲ್ಲುತ್ತದೆ ನಿಜ, ಆದರೆ ನಾಯಿ ತಿಂದರೆ ನಾಯಿಯೂ ಹೋಗುತ್ತದೆ. ನಾಯಿ, ಬೆಕ್ಕು ತಿರುಗುವ ಅಂಗಳದಲ್ಲಿ ಬೇಡವೇ ಬೇಡ.

ತಡೆಯಲು ನಮ್ಮ ಮನೆಗಳಲ್ಲೇ ಒಂದು ವಸ್ತು ಇದೆ: ಬೋರ್ಡೋ ಮಿಶ್ರಣ, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ನೀರು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ದಿನ ಒಂದು ಬಕೆಟ್ ತೆಗೆದಿಟ್ಟು ಏರಿಯ ಸುತ್ತಲಿನ ಕಲ್ಲಿಗೆ, ಚಟ್ಟಿಯ ಹೊರಮೈಗೆ ಬಳಿಯಿರಿ. ಮೈಲುತುತ್ತಿನ ಮೇಲೆ ಬಸವನಹುಳು ಹತ್ತಲು ಹಿಂಜರಿಯುತ್ತದೆ. ಮಳೆಗೆ ತೊಳೆದಂತೆ ಮತ್ತೆ ಬಳಿಯಬೇಕು.

ಎಲೆಯಲ್ಲಿ, ಹೂದಂಟಿನಲ್ಲಿ ಕೆಂಪು ಗೆರೆ

ದೊಡ್ಡ ಹೂವಿನ ಲಿಲ್ಲಿಯ ಎಲೆಗೆ ಉಗುರು ತಾಗಿದರೂ ಆ ಜಾಗ ಕೆಂಪಾಗುತ್ತದೆ. ಗೆಡ್ಡೆಯ ಹಳೆಯ ಗಾಯವೂ ಕೆಂಪೇ. ಹಾಗಾಗಿ ಕೆಂಪೆಲ್ಲ ರೋಗ ಅಲ್ಲ. ಗೆರೆಯ ಎರಡು ತುದಿಗೆ ಪೆನ್ನಿನಲ್ಲಿ ಗುರುತು ಹಾಕಿ ಒಂದು ವಾರ ಕಾಯಿರಿ. ಹಾಗೇ ಇದ್ದರೆ ಬಿಡಿ. ಹರಡಿ, ಮಧ್ಯ ಗುಳಿ ಬಿದ್ದು, ಹೂದಂಟು ಆ ಬದಿಗೇ ಬಗ್ಗಿದರೆ ಅದು ಕೆಂಪು ಚುಕ್ಕಿಯ ಶಿಲೀಂಧ್ರ ರೋಗ. ಆ ಎಲೆ ಕೊಯ್ದು ಸುಟ್ಟು, ಉಳಿದದ್ದಕ್ಕೆ ಶೇ. 1ರ ಬೋರ್ಡೋ ಬಿಡಿ. 100 ಗ್ರಾಂ ಮೈಲುತುತ್ತು 5 ಲೀಟರ್ ನೀರಿಗೆ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿಗೆ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು. ಕಬ್ಬಿಣದ ಪಾತ್ರೆ ಬೇಡ. ಮಾಡಿದ ದಿನವೇ ಮುಗಿಸಬೇಕು. ಮಣ್ಣಿಗೆ ಟ್ರೈಕೋಡರ್ಮಾ ಹಾಕಿದವರು ಬೋರ್ಡೋವನ್ನು ಬುಡಕ್ಕೆ ಹೊಯ್ಯಬಾರದು, ತಾಮ್ರಕ್ಕೆ ಆ ಒಳ್ಳೆಯ ಶಿಲೀಂಧ್ರವೂ ಸಾಯುತ್ತದೆ. ನೀರು ಹೊಯ್ಯುವಾಗ ಎಲೆ ಒದ್ದೆ ಮಾಡದಿದ್ದರೆ ಈ ರೋಗ ಅರ್ಧ ಕಡಿಮೆ.

ಬಿಳಿ ಹಿಟ್ಟು, ಇರುವೆ, ಬೇರುಹುಳ

ಗೆಡ್ಡೆಯ ಕುತ್ತಿಗೆಯಲ್ಲಿ ಇರುವೆ ಸಾಲು ಹೋಗುತ್ತಿದ್ದರೆ ಒಣ ಸಿಪ್ಪೆ ಬಿಡಿಸಿ ನೋಡಿ. ಒಳಗೆ ಹಿಟ್ಟು ತಿಗಣೆ ಇರುತ್ತದೆ. ಇರುವೆ ಅದನ್ನು ಕಾಯುತ್ತದೆ, ಬೇರೆ ಗಿಡಕ್ಕೂ ಹೊತ್ತು ಹಾಕುತ್ತದೆ. ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆದು, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸಾಬೂನು ಬೆರೆಸಿ ಸಿಂಪಡಿಸಿ. ಇರುವೆ ಗೂಡು ಎಲ್ಲಿದೆ ಅಂತ ಹುಡುಕದಿದ್ದರೆ ಮತ್ತೆ ಬರುತ್ತದೆ.

ಮಣ್ಣಿನಲ್ಲಿ ಬೆಳ್ಳಗಿನ, ಬಾಗಿದ, ದಪ್ಪ ಹುಳ ಸಿಕ್ಕಿದರೆ ಎಲ್ಲವೂ ಬೇರುಹುಳ ಅಲ್ಲ. ಹಟ್ಟಿ ಗೊಬ್ಬರದ ಜೊತೆ ಬಂದ ಕುರುವಾಯಿಯ (ತೆಂಗಿನ ಸುಳಿ ಕೊರೆಯುವ ದುಂಬಿಯ) ಮರಿ ಗೊಬ್ಬರ ತಿನ್ನುತ್ತದೆ, ಜೀವಂತ ಬೇರು ಅದಕ್ಕೆ ಬೇಡ. ಬೇರು ಸರಿ ಇದ್ದು ಹುಳ ಗೊಬ್ಬರದಲ್ಲೇ ಇದ್ದರೆ ಕುರುವಾಯಿ. ಬೇರು ಬೋಳಾಗಿದ್ದರೆ ಅಡಿಕೆ, ತೆಂಗಿನ ಬುಡದಲ್ಲಿ ಬರುವ ಅದೇ ಬೇರುಹುಳ. ಎರಡನ್ನೂ ತೆಗೆದು ಕೊಲ್ಲಿ, ಕುರುವಾಯಿ ನಾಳೆ ತೆಂಗಿನ ಸುಳಿಗೆ ಹೋಗುವುದೇ ತಾನೆ. ಗೊಬ್ಬರ ಗುಂಡಿಗೆ ಮೆಟಾರೈಜಿಯಂ ಶಿಲೀಂಧ್ರ ಹಾಕುವ ಕ್ರಮ ಕಾಸರಗೋಡಿನ ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗಿನ ಕೃಷಿಕರಿಗೆ ಹೇಳಿಕೊಟ್ಟದ್ದೇ. ಅದು ಹೂವಿನವರಿಗೂ ಉಪಕಾರ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೇರುಹುಳ ಎಂದ ಕೂಡಲೇ ವಿಷದ ಹರಳು ತಂದು ಚಟ್ಟಿಗೆ ಉದುರಿಸುವವರು ಈಗಲೂ ಇದ್ದಾರೆ. ನಾವು ಎಣ್ಮಕಜೆ, ಪಡ್ರೆ, ಸ್ವರ್ಗದ ನೆರೆಕರೆಯವರು. ಅಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದರ ಫಲ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳ ಮಕ್ಕಳು ಹಾಸಿಗೆ ಹಿಡಿದಿದ್ದರು. ನಮ್ಮ ಮುರಕಲ್ಲಿನಲ್ಲಿ ತೂತುಗಳೇ ಜಾಸ್ತಿ, ಕುಡಿಯುವ ನೀರು ಬಾವಿಯಿಂದ, ಸುರಂಗದಿಂದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ದಾರಿ). ಅಂಗಳಕ್ಕೆ ಹಾಕಿದ್ದು ಸುರಂಗದ ನೀರಿಗೆ ಸೇರಲು ಒಂದು ಮಳೆ ಸಾಕು. ನಾಲ್ಕು ಲಿಲ್ಲಿಗೆ ಅಷ್ಟು ಅಪಾಯ ತಂದುಕೊಳ್ಳುವುದು ಖಂಡಿತ ಬೇಡ.

ಬೆಳಗಾಗುವಾಗ ಗೆಡ್ಡೆಯೇ ಇಲ್ಲ

ಗುಂಡಿಯನ್ನು ಮುಚ್ಚುವ ಮೊದಲು ಚೆನ್ನಾಗಿ ನೋಡಿ. ಮಣ್ಣು ಅಗಲಕ್ಕೆ ಉತ್ತ ಹಾಗೆ ಮಗುಚಿದ್ದು, ಗೊರಸಿನ ಗುರುತು ಇದ್ದರೆ ಕಾಡುಹಂದಿ. ಗುಂಡಿ ಕಿರಿದು, ಆಳ, ಉಳಿದ ತುಂಡಿನಲ್ಲಿ ಅಗಲವಾದ ಎರಡು ಹಲ್ಲಿನ ಗೆರೆ ಇದ್ದರೆ ಮುಳ್ಳುಹಂದಿ. ಅದೃಷ್ಟ ಇದ್ದರೆ ಒಂದು ಮುಳ್ಳೂ ಸಿಗಬಹುದು. ಮೇಲೆ ಗುಂಡಿಯೇ ಇಲ್ಲ, ಗಿಡ ಕೆಳಕ್ಕೆ ಕುಸಿದಿದೆ, ಸ್ವಲ್ಪ ದೂರದಲ್ಲಿ ಬಿಲದ ಬಾಯಿ, ಹೊಸ ಮಣ್ಣಿನ ರಾಶಿ ಕಾಣುತ್ತಿದೆ ಎಂದರೆ ಹೆಗ್ಗಣ. ಮೇಲಿಂದ ಮೇಲೆ ಕೆದಕಿ, ಚಿಗುರು ಮಾತ್ರ ಕುಟುಕಿದ್ದರೆ ನವಿಲು.

ಇನ್ನೊಂದು ಮುಖ್ಯ ಗುರುತು: ಗೆಡ್ಡೆ ಕಿತ್ತು ಬದಿಗೆ ಬಿದ್ದಿದೆ, ಆದರೆ ತಿಂದಿಲ್ಲ. ಲಿಲ್ಲಿ ಜಾತಿಯ ಗೆಡ್ಡೆಗಳಲ್ಲಿ ಲೈಕೋರಿನ್ ಎಂಬ ವಿಷ ಇದೆ, ಹೆಚ್ಚಿನ ಪ್ರಾಣಿಗಳು ಮುಟ್ಟುವುದಿಲ್ಲ. ಹಾಗೆ ಬಿದ್ದಿದ್ದರೆ ಬಂದವರು ಹುಡುಕಿದ್ದು ಗೆಡ್ಡೆಯನ್ನಲ್ಲ, ಅಡಿಯ ಎರೆಹುಳ ಮತ್ತು ಬೇರುಹುಳವನ್ನು. ಆ ಗೆಡ್ಡೆಯನ್ನು ಅಂದೇ ಮತ್ತೆ ನೆಡಿ, ಏನೂ ಆಗುವುದಿಲ್ಲ. ಏರಿಯಲ್ಲಿ ಬೇರುಹುಳ ಇದೆಯಾ ಅಂತ ಮಾತ್ರ ನೋಡಿ. ಡೇರೆ, ಕಾಬಾಳೆ, ಗ್ಲಾಡಿಯೋಲಸ್ ಗೆಡ್ಡೆಗಳಿಗೆ ಈ ರಕ್ಷಣೆ ಇಲ್ಲ, ಅವೇ ನಿಜವಾಗಿ ತಿಂದು ಹೋಗುವುದು. ಅಂದ ಹಾಗೆ, ಅದೇ ವಿಷ ನಮ್ಮ ಮಕ್ಕಳಿಗೂ ದನಕ್ಕೂ ವಿಷವೇ. ಅಗೆದ ಲಿಲ್ಲಿ ಗೆಡ್ಡೆಯನ್ನು ಅಡುಗೆಮನೆಯ ಜಗಲಿಯಲ್ಲಿ ನೀರುಳ್ಳಿಯ ಹತ್ತಿರ ಇಡಬೇಡಿ. ಬೇಲಿಯಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆ ಇನ್ನೂ ಘೋರ.

ತಡೆಗೆ ನಾನು ಹೇಳುವುದು ಕಬ್ಬಿಣದ ಜಾಲರಿ. ಹೆಗ್ಗಣಕ್ಕೆ ಅರ್ಧ ಇಂಚು ಕಣ್ಣಿನ ಜಾಲರಿಯನ್ನು ಬುಟ್ಟಿಯ ಹಾಗೆ ಬಗ್ಗಿಸಿ, ಗೆಡ್ಡೆಯನ್ನು ಅದರೊಳಗಿಟ್ಟೇ ನೆಡುವುದು. ಮುಳ್ಳುಹಂದಿಗೆ, ನವಿಲಿಗೆ ಒಂದು ಇಂಚು ಕಣ್ಣಿನದನ್ನು ಏರಿಯ ಮೇಲೆ ಮಟ್ಟಸವಾಗಿ ಹಾಸಿ, ಅಂಚಿಗೆ ಗೂಟ ಹೊಡೆದು, ಮೇಲೆ ಸ್ವಲ್ಪ ಮಣ್ಣು. ಚಿಗುರು ಕಣ್ಣಿನಿಂದ ಮೇಲೆ ಬರುತ್ತದೆ. ಕಾಡುಹಂದಿಗೆ ಇದು ಸಾಲದು, ಕಲ್ಲಿನ ಗೋಡೆ ಅಥವಾ ಎತ್ತರದ ಚಟ್ಟಿಯೇ ದಾರಿ. ಕರೆಂಟ್ ತಂತಿ ಕಟ್ಟುವ ಯೋಚನೆ ಬೇಡ, ಅದಕ್ಕೆ ಮನುಷ್ಯರೇ ಸತ್ತಿದ್ದಾರೆ. ಉರುಳು, ವಿಷ ಇಟ್ಟು ಮುಳ್ಳುಹಂದಿಯನ್ನೋ ನವಿಲನ್ನೋ ಕೊಂದರೆ ವನ್ಯಜೀವಿ ಕಾಯ್ದೆಯಲ್ಲಿ ಕೇಸು.

ಎಲೆ ಹುಲುಸಾಗಿದೆ, ಹೂ ಇಲ್ಲ

ಇದು ರೋಗ ಅಲ್ಲ, ಆದರೆ ಬೇಜಾರು ಮಾತ್ರ ದೊಡ್ಡದು. ಮೊದಲು ಬಿಸಿಲು ನೋಡಿ. ಅಡಿಕೆ ಮರದ ಅಡಿಯಲ್ಲಿ ಮೇ ಫ್ಲವರ್ ಹೂ ಬಿಟ್ಟೀತು. ಸುಗಂಧರಾಜ, ಡೇರೆ ಬಿಡುವುದಿಲ್ಲ. ಆಮೇಲೆ ಗೊಬ್ಬರ ಕೇಳಿಕೊಳ್ಳಿ: ಗೋಬರ್ ಗ್ಯಾಸಿನ ಸ್ಲರಿ ಸುರಿಯುತ್ತಿದ್ದೀರಾ? ಸಾರಜನಕ ಜಾಸ್ತಿಯಾದರೆ ಎಲೆ ಮಾತ್ರ. ಸ್ಲರಿ ನಿಲ್ಲಿಸಿ, ಒಲೆಯ ಬೂದಿ ಒಂದು ಹಿಡಿ ಕೊಡಿ.

ಮೂರನೆಯದು ವಿಶ್ರಾಂತಿ. ದೊಡ್ಡ ಹೂವಿನ ಲಿಲ್ಲಿಗೆ, ಮಳೆ ಲಿಲ್ಲಿಗೆ ಒಣ ಕಾಲ ಬೇಕು. ಕುಂಭ, ಮೀನ ತಿಂಗಳ (ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದ ತನಕ) ಬಿಸಿಲಿಗೆ ನೀರಿಲ್ಲದೆ ಮಲಗಿ, ಮೇಷದಲ್ಲಿ (ಏಪ್ರಿಲ್-ಮೇ) ಮೊದಲ ಮಳೆ ಬಿದ್ದಾಗ ಹೂವಿನೊಂದಿಗೆ ಏಳುವುದು ಅದರ ಕ್ರಮ. ತೋಟದ ಸ್ಪ್ರಿಂಕ್ಲರ್ ನೀರು ಬೇಸಿಗೆಯಿಡೀ ಬೀಳುವ ಜಾಗದಲ್ಲಿ ನೆಟ್ಟರೆ ಅದಕ್ಕೆ ಮಲಗಲು ಪುರುಸೊತ್ತೇ ಇಲ್ಲ. ಎಷ್ಟೋ ಮನೆಗಳಲ್ಲಿ ಇದೊಂದೇ ಕಾರಣ.

ನಾಲ್ಕನೆಯದು ಗೆಡ್ಡೆಯ ಗಾತ್ರ. ದೊಡ್ಡ ಹೂವಿನ ಲಿಲ್ಲಿಯ ಗೆಡ್ಡೆ ಸಾಮಾನ್ಯವಾಗಿ 20 ಸೆಂ.ಮೀ. ಸುತ್ತಳತೆಗೆ ಬಂದ ಮೇಲೆ ಚೆನ್ನಾಗಿ ಹೂ ಬಿಡುತ್ತದೆ. ಸುಗಂಧರಾಜಕ್ಕೆ 2ರಿಂದ 3 ಸೆಂ.ಮೀ. ಅಡ್ಡಳತೆ ಬೇಕು. ಸುಗಂಧರಾಜದ ಹಿಂಡು ಮೂರು ವರ್ಷ ಕಳೆದರೆ ಒತ್ತೊತ್ತಾಗಿ ಹೂ ಸಣ್ಣದಾಗುತ್ತದೆ. ಅಗೆದು ದೊಡ್ಡದನ್ನು ಬೇರೆ ಮಾಡಿ ಹೊಸ ಜಾಗಕ್ಕೆ ನೆಡಬೇಕು. ಆಗ ಬೇರು ನೋಡಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟು ಇದ್ದರೆ ಮಣ್ಣಿನ ಜಂತುಹುಳದ (ನೆಮಟೋಡ್) ಉಪದ್ರ. ಆ ಜಾಗಕ್ಕೆ ಒಂದು ವರ್ಷ ಚೆಂಡುಹೂ ಹಾಕಿ, ಬೇವಿನ ಹಿಂಡಿ ಕೊಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಶೃಂಗಾರ್' ತಳಿ ಈ ಹುಳವನ್ನು ತಡೆದುಕೊಳ್ಳುತ್ತದೆ. ಗಂಟಿನ ತೊಂದರೆ ಇರುವವರು ಅದನ್ನೇ ತರುವುದು ಒಳ್ಳೆಯದು.

ನೆಟ್ಟದ್ದು ಚಿಗುರಲೇ ಇಲ್ಲ

ಡೇರೆ ಗೆಡ್ಡೆ ದಪ್ಪ ಇದ್ದರೆ ಸಾಲದು. ಹಳೆಯ ಕಾಂಡದ ಬುಡದ ತುಂಡು, ಅದರಲ್ಲಿ ಒಂದು ಕಣ್ಣು ಇರಬೇಕು. ಬಿಡಿಸುವಾಗ ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ಚಂದ ಇದ್ದರೂ ಬೇರು ಬಿಡಬಹುದು, ಚಿಗುರುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ ಟ್ಯೂಲಿಪ್, ಡ್ಯಾಫೊಡಿಲ್ ಬೇರೆಯೇ ವಿಷಯ. ಅವಕ್ಕೆ ಮೂರು ನಾಲ್ಕು ತಿಂಗಳ ಚಳಿ ಬೇಕು. ಶ್ರೀನಗರದಲ್ಲಿ ಆಗುವುದು ಸೀತಾಂಗೋಳಿಯಲ್ಲಿ ಆಗದು. ಫ್ರಿಜ್ಜಿನಲ್ಲಿಟ್ಟು ಒಂದು ಸಲ ಹೂ ತೆಗೆದರೂ ಮರುವರ್ಷ ಇಲ್ಲ. ಆ ದುಡ್ಡಿಗೆ ನೆರೆಮನೆಯವರಿಂದ ನಾಲ್ಕು ಬಗೆಯ ಲಿಲ್ಲಿ ತನ್ನಿ.

ಹಾಗೆ ತಂದ ಗೆಡ್ಡೆಯನ್ನು ನೇರ ಏರಿಗೆ ಇಳಿಸಬೇಡಿ. ಒಣ ಸಿಪ್ಪೆ ಬಿಡಿಸಿ ಹಿಟ್ಟು ತಿಗಣೆ ನೋಡಿ, ಬುಡ ಒತ್ತಿ ನೋಡಿ, ಹಳೆಯ ಬೇರು ಕತ್ತರಿಸಿ, ಬೇರೆ ಚಟ್ಟಿಯಲ್ಲಿ ಸುಡುಮಣ್ಣಿನಲ್ಲಿ ಎರಡು ತಿಂಗಳು ಇಡಿ. ಹೊಸ ಎಲೆ ಶುದ್ಧವಾಗಿ ಬಂದ ಮೇಲೆ ಉಳಿದವುಗಳ ಜೊತೆ ಸೇರಿಸಿ.